ಧೂಮಕೇತುವಿನ ನೇರಳೆ ಗೆರೆಗಳು



ಮಕ್ಕಳು ಬಿ.ಎಸ್ಸಿ. ಸೇರುತ್ತೇವೆ ಎಂದರೆ, "ಅದರಿಂದ ಏನು ಸಿಗುತ್ತದೆ?" ಎಂದು ನಾವು ಕೇಳುತ್ತೇವೆ. ಫೀಸು ಕಟ್ಟುವವರು ಕೇಳಲೇಬೇಕು. ಉತ್ತರ ಎಂದಲ್ಲ, ಒಂದು ಸಂಗತಿ ಹೇಳುತ್ತೇವೆ.

ಒಲೆಯ ಉರಿಗೆ ಉಪ್ಪು ಬಿದ್ದರೆ ಹಳದಿ ಬೆಳಕು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದೊಂದು ವಸ್ತುವಿಗೂ ಅದರದೇ ಬೆಳಕಿನ ಗೆರೆಗಳಿವೆ. 1868ರಲ್ಲಿ ಲಂಡನ್ನಿನ ವಿಲಿಯಂ ಹಗ್ಗಿನ್ಸ್ ಒಂದು ಧೂಮಕೇತುವಿನ ಬೆಳಕಿನ ಪಟ್ಟಿಗಳನ್ನು, ಎಥಿಲೀನ್ ಅನಿಲದಲ್ಲಿ ವಿದ್ಯುತ್ ಕಿಡಿ ಹಾರಿಸಿದಾಗ ಬರುವ ಪಟ್ಟಿಗಳೊಂದಿಗೆ ಹೋಲಿಸಿದರು. ಎರಡೂ ಹೊಂದಿದವು. ಅಲ್ಲಿ ಇಂಗಾಲವಿದೆ ಎಂದು ಹೀಗೆ ತಿಳಿಯಿತು. ಈ ಹಗ್ಗಿನ್ಸ್ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ.

1881ರಲ್ಲಿ ಅವರೇ ತೆಗೆದ ಧೂಮಕೇತುವಿನ ಫೋಟೋದಲ್ಲಿ ನೇರಳೆಯ ಕಡೆ, ಸುಮಾರು 405 ನ್ಯಾನೋಮೀಟರಿನಲ್ಲಿ, ಒಂದು ಗುಂಪು ಗೆರೆಗಳಿದ್ದವು. ಅವು ಯಾವ ವಸ್ತುವಿನವು ಎಂದು ದಶಕಗಳ ಕಾಲ ಯಾರೂ ಹೇಳಲಿಲ್ಲ. ಕಾರಣವಿತ್ತು. ಬಿಸಿಲಿಗೆ ಅಣುಗಳು ಒಡೆದು ಉಳಿಯುವ ತುಣುಕುಗಳು ಧೂಮಕೇತುವಿನ ವಿರಳ ಅನಿಲದಲ್ಲಿ ಬಾಳುತ್ತವೆ; ನಮ್ಮ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ ಅಂಟಿಕೊಂಡು ಇಲ್ಲವಾಗುತ್ತವೆ.

ಗೆರ್‌ಹಾರ್ಡ್ ಹರ್ಜ್‌ಬರ್ಗ್ ಜರ್ಮನಿಯವರು. ಹೆಂಡತಿ ಯಹೂದಿ ಎಂಬ ಕಾರಣಕ್ಕೆ 1935ರಲ್ಲಿ ದೇಶ ಬಿಡಬೇಕಾಯಿತು. ಕೆನಡಾದ ಸಾಸ್ಕಟೂನ್ ಎಂಬ ಊರಿನ ವಿಶ್ವವಿದ್ಯಾಲಯ ಕರೆಯಿತು. ಸಂಬಳದ ಹಣ ಬಂದದ್ದು ಕಾರ್ನೆಗಿ ದತ್ತಿನಿಧಿಯಿಂದ. (ದಾನಿಗಳು ಇದನ್ನು ಗಮನಿಸಬೇಕು.) 1942ರಲ್ಲಿ ಅಲ್ಲೇ ಮೀಥೇನಿನಲ್ಲಿ ವಿದ್ಯುತ್ ಹರಿಸಿ ಅವರು ಆ ನೇರಳೆ ಗೆರೆಗಳನ್ನು ಬರಿಸಿದರು. ಒಂದು ಇಂಗಾಲಕ್ಕೆ ಎರಡು ಹೈಡ್ರೋಜನ್ ಸೇರಿದ ತುಣುಕು ಇದು ಎಂದರು.

1949ರಲ್ಲಿ ಬೆಲ್ಜಿಯಂನ ಇಬ್ಬರು ಅದೇ ಪ್ರಯೋಗವನ್ನು ಭಾರ ಹೈಡ್ರೋಜನ್ ಬಳಸಿ ಮಾಡಿದರು. ತುಣುಕಿನಲ್ಲಿ ಹೈಡ್ರೋಜನ್ ಇದ್ದಿದ್ದರೆ ಗೆರೆಗಳು ಸರಿಯಬೇಕಿತ್ತು. ಸರಿಯಲಿಲ್ಲ! 1951ರಲ್ಲಿ ಒಟ್ಟಾವಾದಲ್ಲಿ, ಹರ್ಜ್‌ಬರ್ಗರ ವಿಭಾಗದಲ್ಲೇ ಇದ್ದ ಡಗ್ಲಸ್, ಭಾರದ ಇಂಗಾಲ ಬೆರೆಸಿ ನೋಡಿದರು. ಗೆರೆಗಳು ಈಗ ಸರಿದವು. ಅದು ಮೂರು ಇಂಗಾಲಗಳ ತುಣುಕು.

ದೊಡ್ಡವರ ಮಾತು ತಪ್ಪೆಂದು ಅವರ ಕೈಕೆಳಗಿನವರೇ ತೋರಿಸಿದರು, ಯಾರ ಕೆಲಸವೂ ಹೋಗಲಿಲ್ಲ. ನಮ್ಮ ಶಾಲೆಗಳಲ್ಲಿ ಇದು ಇನ್ನೂ ಅಪರೂಪ.

ಹರ್ಜ್‌ಬರ್ಗ್ ತಾವು ಹುಡುಕಿದ್ದ ಆ ಹೈಡ್ರೋಜನ್ ತುಣುಕನ್ನು ಬಿಡಲಿಲ್ಲ. ಅದರ ನಿಜವಾದ ಗೆರೆಗಳು 1959ರಲ್ಲಿ ಅವರಿಗೇ ಸಿಕ್ಕವು. ಇಂಥ ತುಣುಕುಗಳ ಅಧ್ಯಯನಕ್ಕಾಗಿ 1971ರಲ್ಲಿ ನೊಬೆಲ್ ಬಂತು, ಅದೂ ಭೌತವಿಜ್ಞಾನಿಗೆ ರಸಾಯನಶಾಸ್ತ್ರದಲ್ಲಿ.