ಪೇಷಂಟಿಗೆ ನೀವು ಏನಾಗಬೇಕು?

ಇವತ್ತಿನ ಮಾತು ಸ್ವಲ್ಪ ಭಾರ ಐತಿ. ಆದರೂ ಕೇಳ್ರಿ, ಯಾಕಂದ್ರೆ ಇದು ಒಂದು ದಿನ ನಿಮ್ಮ ಫೋನಿಗೆ ಬರೋ ಕಾಲ್ ಬಗ್ಗೆ.

ನಮ್ಮೂರು ಹನುಮಸಾಗರ, ಕುಷ್ಟಗಿ ತಾಲ್ಲೂಕು. ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಮಗ ಮಂಗಳೂರು ಕಡೆ ಗುಳೆ ಹೋದವನು ಅಲ್ಲೇ ಉಳಿದ. ಕೊನೆಯ ಮೂರು ವರ್ಷ ಆಕೆಗೆ ಗಂಜಿ ಕುಡಿಸಿದವಳು, ಸೀರೆ ಬದಲಿಸಿದವಳು, ಮಗ್ಗಲು ಹೊರಳಿಸಿದವಳು ಬಾಜೂ ಮನೆಯ ಹೆಣ್ಣುಮಗಳು. ಒಂದು ಸಂಜೆ ಮುದುಕಿಗೆ ಉಸಿರು ಹತ್ತಿತು. ಆಂಬುಲೆನ್ಸ್ ಕರೆಸಿ ದವಾಖಾನೆಗೆ ಒಯ್ದರು. ಕೌಂಟರಿನಲ್ಲಿ ಕಾಗದ ಮುಂದಿಟ್ಟು ಕೇಳಿದರು, "ಪೇಷಂಟಿಗೆ ನೀವು ಏನಾಗಬೇಕು?"

"ಬಾಜೂ ಮನಿಯಾಕಿರಿ."

"ಹಂಗಾದ್ರ ನಿಮ್ಮ ಸಹಿ ನಡೆಯಂಗಿಲ್ಲ. ಮಕ್ಕಳನ್ನ ಕರಸ್ರಿ."

ಮಗ ರಾತ್ರಿ ಬಸ್ಸು ಹತ್ತಿ ಬಂದು ಇಳಿಯುವಷ್ಟರಲ್ಲಿ ಬೆಳಗಾಗಿತ್ತು, ಮುದುಕಿ ಇರಲಿಲ್ಲ. ಸಹಿ ಸಿಕ್ಕಿದ್ದರೆ ಉಳೀತಿದ್ದಳು ಅಂತ ನಾನು ಹೇಳಂಗಿಲ್ಲ. ತುಂಬಾ ವಯಸ್ಸಾಗಿತ್ತು, ಜೀವ ಸೋತಿತ್ತು. ಆದರೆ ಆ ಇಡೀ ರಾತ್ರಿ ಆ ಹೆಣ್ಣುಮಗಳು ಬಾಗಿಲ ಹೊರಗೆ ನಿಂತಿದ್ದಳಲ್ಲ, ಅದು ನನ್ನ ತಲೆಯಿಂದ ಹೋಗಿಲ್ಲ. ಮೂರು ವರ್ಷ ನೋಡಿಕೊಂಡವಳಿಗೆ ಮಾತಾಡೋ ಹಕ್ಕಿಲ್ಲ, ಮೂರು ವರ್ಷ ಮುಖ ನೋಡದವನಿಗೆ ಇದೆ.

ಇದೇ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಅದರ ನಡುವೆ ಇದ್ದವರು ನಮ್ಮ ಕರ್ನಾಟಕದವರೇ, ಹೊನ್ನಾವರದ ಹತ್ತಿರದ ಹಳದೀಪುರದವರು. ಅರುಣಾ ಶಾನಭಾಗ. ಹೆಸರು ಕೇಳಿರ್ತೀರಿ, 'ದಯಾಮರಣ' ಅನ್ನೋ ಪದದ ಜೊತೆಗೆ. ಆದರೆ ನನಗೆ ಅವರ ಕಥೆಯಲ್ಲಿ ದಯಾಮರಣಕ್ಕಿಂತ ಕಾಡೋದು ಆ ಕೌಂಟರಿನ ಪ್ರಶ್ನೆ.

ಅರುಣಾ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿ ಕಟ್ಟುವ ಚೈನಿನಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮೆದುಳಿಗೆ ಆಮ್ಲಜನಕ ಹೋಗದೆ ಅವರು ಮತ್ತೆ ಎದ್ದು ಕೂರಲೇ ಇಲ್ಲ. ಆಗ ಅವರಿಗೆ 25 ವರ್ಷ. ಅದೇ ಆಸ್ಪತ್ರೆಯ ಡಾಕ್ಟರ್ ಒಬ್ಬರ ಜೊತೆ ಮದುವೆ ನಿಶ್ಚಯವಾಗಿತ್ತು. ದಾಳಿ ಮಾಡಿದವನ ಮೇಲೆ ಸಾಬೀತಾದದ್ದು ದರೋಡೆ ಮತ್ತು ಕೊಲೆ ಯತ್ನ. ಅತ್ಯಾಚಾರದ ಕೇಸು ಹಾಕಲೇ ಇಲ್ಲ. ಅವನಿಗೆ ಏಳು ವರ್ಷ ಶಿಕ್ಷೆ, ಅರುಣಾಗೆ 42 ವರ್ಷದ ಹಾಸಿಗೆ.

ತಂದೆ ತಾಯಿ ತೀರಿಕೊಂಡರು. ಸಂಬಂಧಿಕರು ಬರೋದು ನಿಂತಿತು. ಉಳಿದವರು ನರ್ಸುಗಳು. ಒಂದು ಬ್ಯಾಚ್ ರಿಟೈರ್ ಆದರೆ ಇನ್ನೊಂದು ಬ್ಯಾಚ್. ಊಟ ಮಾಡಿಸೋದು, ಮೈ ಒರೆಸೋದು, ಮಗ್ಗಲು ಬದಲಿಸೋದು. ಇಷ್ಟು ವರ್ಷದಲ್ಲಿ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ ಅನ್ನೋದು ಕೋರ್ಟಿನ ದಾಖಲೆಯಲ್ಲೇ ಇದೆ. ಮನೆಯಲ್ಲಿ ಮಲಗಿದ ಹಿರಿಯರನ್ನು ನೋಡಿಕೊಂಡವರಿಗೆ ಈ ಒಂದು ಸಾಲಿನ ಬೆಲೆ ಗೊತ್ತಾಗ್ತದೆ. ಹದಿನೈದು ದಿನ ಅಲಕ್ಷ್ಯ ಮಾಡಿದರೆ ಸಾಕು, ಸೊಂಟದ ಹತ್ತಿರ ಚರ್ಮ ಕಿತ್ತು ಬರ್ತದೆ.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅರುಣಾ ಬಗ್ಗೆ ಪುಸ್ತಕ ಬರೆದವರು ಅವರು. ಇದು ಬದುಕಲ್ಲ, ಬಲವಂತವಾಗಿ ಉಣಿಸೋದು ನಿಲ್ಲಿಸಿ, ನೆಮ್ಮದಿಯಿಂದ ಹೋಗಲು ಬಿಡಿ ಅಂತ ಕೇಳಿದರು. ಕೇಳಿದ್ದು ಅರುಣಾ ಪರವಾಗಿ, ಅವರ 'ನೆಕ್ಸ್ಟ್ ಫ್ರೆಂಡ್' ಆಗಿ. ತಾನೇ ಕೋರ್ಟಿಗೆ ಬರಲಾಗದವರ ಪರವಾಗಿ ನಿಲ್ಲುವ ವ್ಯಕ್ತಿಗೆ ಕಾನೂನಿನಲ್ಲಿ ಹಾಗೆ ಅಂತಾರೆ. ವಿರಾಣಿಯವರ ಉದ್ದೇಶ ಕೆಟ್ಟದ್ದು ಅಂತ ಕೋರ್ಟೂ ಹೇಳಲಿಲ್ಲ, ನಾನೂ ಹೇಳಲ್ಲ.

2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ತೀರ್ಪು ಕೊಟ್ಟಿತು. ಚಿಕಿತ್ಸೆ ಹಿಂತೆಗೆದುಕೊಳ್ಳಲು ದೇಶದಲ್ಲಿ ಮೊದಲ ಬಾರಿ ದಾರಿ ತೆರೆದದ್ದು ಅದೇ ತೀರ್ಪು, ಪ್ರತಿ ಸಲ ಹೈಕೋರ್ಟ್ ಒಪ್ಪಿಗೆ ಬೇಕು ಅನ್ನೋ ಷರತ್ತಿನ ಮೇಲೆ. ಆದರೆ ಅರುಣಾ ವಿಷಯದಲ್ಲಿ ಅರ್ಜಿ ವಜಾ. ಕಾರಣ ಏನು? ಆಕೆಯ ನಿಜವಾದ ನೆಕ್ಸ್ಟ್ ಫ್ರೆಂಡ್ ವಿರಾಣಿ ಅಲ್ಲ, ಹಗಲೂ ರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿ ಅಂತ ಕೋರ್ಟ್ ಹೇಳಿತು. ಆ ಸಿಬ್ಬಂದಿ, ನಾವು ಕೊನೆ ಉಸಿರಿನವರೆಗೂ ನೋಡಿಕೊಳ್ತೀವಿ ಅಂತ ಹೇಳಿದ್ದರು. ಮುಂದೆ ಅವರೇ ಮನಸ್ಸು ಬದಲಿಸಿದರೆ ಬಾಂಬೆ ಹೈಕೋರ್ಟಿಗೆ ಹೋಗಬಹುದು ಅಂತಲೂ ಬರೆಯಿತು.

ನೋಡ್ರಿ, ಕೌಂಟರಿನ ಪ್ರಶ್ನೆಗೆ ಇಲ್ಲಿ ಬೇರೆ ಉತ್ತರ ಸಿಕ್ಕಿತು. ಏನಾಗಬೇಕು ಅಂದ್ರೆ, ಉಣಿಸಿದವರು ಆಗಬೇಕು.

ನನಗೆ ಈ ತೀರ್ಪು ಪೂರ್ತಿ ಒಪ್ಪಿಗೆ ಅಂತೇನಿಲ್ಲ. ತೀರ್ಪು ಬಂದ ಕಾಲಕ್ಕೆ ಆ ವಾರ್ಡಿನಲ್ಲಿದ್ದ ನರ್ಸುಗಳಲ್ಲಿ ಹೆಚ್ಚಿನವರು ಅರುಣಾ ಮಾತಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಆಕೆಗೆ ಏನು ಬೇಕಿತ್ತು ಅಂತ ಅವರಿಗೂ ಗೊತ್ತಿಲ್ಲ, ವಿರಾಣಿಗೂ ಗೊತ್ತಿಲ್ಲ. ಪ್ರೀತಿಯಿಂದ ನೋಡಿಕೊಂಡವರು ಬಿಟ್ಟುಕೊಡೋಕೆ ಒಪ್ಪೋದು ಕಷ್ಟ, ಅದೂ ನಿಜ. 25ನೇ ವಯಸ್ಸಿನಲ್ಲಿ ಯಾರು ತಾನೇ ಇಂಥದ್ದನ್ನ ಬರೆದಿಟ್ಟಿರ್ತಾರೆ?

2015ರ ಮೇ 18ರ ಬೆಳಗ್ಗೆ ಅರುಣಾ ನ್ಯುಮೋನಿಯಾದಿಂದ ತೀರಿಕೊಂಡರು, 66ನೇ ವಯಸ್ಸಿನಲ್ಲಿ, ಅದೇ ಆಸ್ಪತ್ರೆಯಲ್ಲಿ. ಆಗ ಸಂಬಂಧಿಕರು ಬಂದರು. ಇಷ್ಟು ವರ್ಷ ಎಲ್ಲಿದ್ದಿರಿ ಅಂತ ನರ್ಸುಗಳು ಕೇಳಿದರು. ಕೊನೆಗೆ ಸಂಬಂಧಿಕರು ಮತ್ತು ಆಸ್ಪತ್ರೆಯವರು ಸೇರಿಯೇ ಅಂತ್ಯಕ್ರಿಯೆ ಮಾಡಿದರು.

ಈಗ ನಮ್ಮ ಮನೆಗಳಿಗೆ ಬರೋಣ. ಒಬ್ಬ ದೊಡ್ಡವರು ಪ್ರಜ್ಞೆ ತಪ್ಪಿ ಮಲಗಿದರೆ ಅವರಿಗೆ ಕಾನೂನಿನ ಪೋಷಕ ಯಾರು? 'ನಾನೇ, ಹಿರೀ ಮಗ' ಅಂತೀರಿ. ಕಾನೂನು ಅಷ್ಟು ಸಲೀಸಾಗಿ ಹೂಂ ಅನ್ನಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇರೋದು ಅಪ್ರಾಪ್ತ ಮಕ್ಕಳಿಗೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಅಂಗವೈಕಲ್ಯಗಳಿಗೆ. ಕೋಮಾದಲ್ಲಿರೋ ಅಜ್ಜನ ಆಸ್ತಿ, ಬ್ಯಾಂಕ್ ನೋಡಿಕೊಳ್ಳಲು ಪೋಷಕರಾಗಬೇಕು ಅಂದರೆ ಹೈಕೋರ್ಟಿಗೇ ಅರ್ಜಿ ಹಾಕಬೇಕಾಗ್ತದೆ. ಕೊಪ್ಪಳ ಜಿಲ್ಲೆಯವರಿಗೆ ಅಂದ್ರೆ ಧಾರವಾಡ ಪೀಠ.

ಇನ್ನೊಂದು ತಪ್ಪು ತಿಳಿವಳಿಕೆ, ಇದನ್ನ ದಯವಿಟ್ಟು ಮನೆಯಲ್ಲಿ ಹೇಳ್ರಿ. ಜಿಪಿಎ ಮಾಡಿಸಿಟ್ಟೀವಿ, ಎಲ್ಲಾ ಆತು ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಪವರ್ ಆಫ್ ಅಟಾರ್ನಿ ಅಲ್ಲಿಗೇ ಮುಗೀತದೆ. ನಮ್ಮ ಕರಾರು ಕಾಯ್ದೆಯ 201ನೇ ಕಲಂ ಹೇಳೋದೇ ಅದು. ಅಂದ್ರೆ ಯಾವಾಗ ಬೇಕೋ ಆವಾಗಲೇ ಕೈಕೊಡ್ತದೆ.

ಹಾಗಾದರೆ ದಾರಿ ಏನು? ಚಿಕಿತ್ಸೆಯ ಮಟ್ಟಿಗೆ ಒಂದಿದೆ, ಲಿವಿಂಗ್ ವಿಲ್. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟ್ ಸಹಿ ಬೇಕು ಅಂದಿದ್ದರಿಂದ ಮಾಡಿಸೋದು ಕಷ್ಟವಾಗಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಬರೀಬಹುದು. ಮುಖ್ಯವಾಗಿ, ನನ್ನ ಬಾಯಿ ನಿಂತಾಗ ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹೆಸರು ಹಾಕಬೇಕು. ಯಾವಾಗ ಬೇಕಾದರೂ ಬದಲಿಸಬಹುದು.

ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಗೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆಸ್ಪತ್ರೆಯಲ್ಲಿ ಎರಡು ವೈದ್ಯ ಮಂಡಳಿ ಒಪ್ಪಬೇಕು, ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಡಾಕ್ಟರ್ ಇರಬೇಕು, ಆಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆ ಆದೇಶ ಬಂದಾಗ ದಾವಣಗೆರೆಯ ಎಚ್.ಬಿ. ಕರಿಬಸಮ್ಮ ಅವರ ಫೋಟೊ ಪೇಪರಿನಲ್ಲಿ ನೋಡಿರ್ತೀರಿ. ನಿವೃತ್ತ ಶಿಕ್ಷಕಿ, 80 ದಾಟಿದವರು, ಘನತೆಯಿಂದ ಸಾಯೋ ಹಕ್ಕಿಗಾಗಿ ವರ್ಷಗಟ್ಟಲೆ ಸರ್ಕಾರಕ್ಕೆ, ಕೋರ್ಟಿಗೆ ಪತ್ರ ಬರೆದವರು. ಒಂದು ಸ್ಪಷ್ಟ ಮಾಡಿಬಿಡ್ತೀನಿ: ಇಂಜೆಕ್ಷನ್ ಕೊಟ್ಟು ಸಾಯಿಸೋದಕ್ಕೆ ಇದರಲ್ಲಿ ಅವಕಾಶ ಇಲ್ಲ. 'ಮುದುಕರನ್ನ ಮುಗಿಸೋ ಕಾನೂನು ಬಂತು' ಅಂತ ವಾಟ್ಸಾಪಿನಲ್ಲಿ ಓಡಾಡೋದನ್ನ ನಂಬಬ್ಯಾಡ್ರಿ.

ಹೋದ ಯುಗಾದಿಗೆ ಊರಿಗೆ ಹೋದಾಗ ಇದನ್ನೆಲ್ಲ ನಮ್ಮ ಆಯಿ ಮುಂದೆ ಹೇಳಿದೆ. ಸಾವಿನ ಮಾತು ಹಬ್ಬದ ದಿನ ಯಾಕ ಅಂತ ಅವ್ವ ಬೈದಳು. ಆಯಿ ಮಾತ್ರ ಎಲೆ ಅಡಿಕೆ ಹಾಕ್ಕೊಂಡು ಪೂರ್ತಿ ಕೇಳಿದಳು.

"ಯಾರ ಹೆಸರು ಬೇಕಾದ್ರೂ ಬರಸಬಹುದೇನು?"

"ನಿನಗ ನಂಬಿಕಿ ಇದ್ದವರದು, ಆಯಿ."

"ಹಂಗಾದ್ರ ಸಣ್ಣ ಸೊಸಿದು ಬರಿ. ಹೋದ ಮಳೆಗಾಲದಾಗ ಬಿದ್ದು ಕಾಲು ಮುರಕೊಂಡಾಗ ನನ್ನ ಹೇಲು ಉಚ್ಚಿ ಬಳದಾಕಿ ಆಕಿ."

ಅಪ್ಪ ಹಿರೀ ಮಗ. ಹೊಲ, ಮನೆ, ದವಾಖಾನೆ ಖರ್ಚು ಎಲ್ಲಾ ಅವನದೇ. ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದ. ಚಿಗವ್ವ ಅಡುಗೆಮನೆಯಿಂದಲೇ, "ನನಗ್ಯಾಕ ಬೇಕಪ್ಪ ಆ ಉಸಾಬರಿ" ಅಂದಳು. ಆದರೆ ಬ್ಯಾಡ ಅಂತ ಹೇಳಲಿಲ್ಲ.

ನನಗೆ ಗೊತ್ತು, ಅಪ್ಪನಿಗೆ ನೋವಾಗಿದೆ. ಹೆಸರು ಬರೆಸದಿರೋದು ಪ್ರೀತಿ ಇಲ್ಲ ಅಂತಲ್ಲ ಅನ್ನೋದನ್ನ ಅವನಿಗೆ ಹೆಂಗ ತಿಳಿಸಬೇಕೋ ಇನ್ನೂ ಗೊತ್ತಾಗಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದೆ, ಮಳೆ ಬಗ್ಗೆ ಮಾತಾಡಿ ಇಟ್ಟುಬಿಟ್ಟ.

ಕಾಗದ ಇನ್ನೂ ಆಯಿಯ ಟ್ರಂಕಿನಲ್ಲೇ ಐತಿ. ಈ ತಿಂಗಳ ಕೊನೆಗೆ ಕುಷ್ಟಗಿಗೆ ನೋಟರಿ ಹತ್ತಿರ ಕರಕೊಂಡು ಹೋಗೋದು ಅಂತ ಆಗಿದೆ. ಇಬ್ಬರು ಸಾಕ್ಷಿ ಬೇಕಲ್ಲ, ಒಬ್ಬರು ಸಿಕ್ಕಾರ. ಬಾಜೂ ಮನೆಯ ಆ ಹೆಣ್ಣುಮಗಳು, ತಾನು ಬರ್ತೀನಿ ಅಂದಾಳ.