ಕೆರೆಯ ಗೋಡು ಯಾರ ಹೊಲಕ್ಕೆ?

(ರೈತರ ಕೂಟದಲ್ಲಿ ಗ್ರಾಮಸೇವಕರು ಆಡಿದ ಮಾತು)



ಕೆರೆಯ ಹೂಳೆತ್ತುವ ಕಾಲ ಬಂದಿದೆ. ಬಂದ ಗೋಡನ್ನು ಮನೆಗೆ ಇಷ್ಟು ಹೇರು ಎಂದು ಸಮನಾಗಿ ಹಂಚಬೇಕೆಂಬುದು ಕೆಲವು ಹಿರಿಯರ ಅಭಿಪ್ರಾಯ. ನ್ಯಾಯವಾಗಿ ಕಾಣುವ ಮಾತೇ. ಆದರೆ ಎಲ್ಲರ ಮನೆಯಲ್ಲೂ ಒಂದೇ ರುಚಿ ಕೊಡಲು ಗೋಡೇನು ಬೆಲ್ಲವಲ್ಲ.

ಗೋಡು ಎಂದರೆ ತಮ್ಮ ಹೊಲಗಳಿಂದಲೇ ಮಳೆನೀರು ಕೊಚ್ಚಿ ತಂದ ನುಣ್ಣನೆಯ ಜೇಡಿ, ಕೊಳೆತ ಎಲೆಕಸ. ಕೆರೆಯೊಳಗೆ ಅದು ನೀರಿನ ಜಾಗ ನುಂಗಿ ಕೂತಿದೆ. ಅಲ್ಲಿ ಅದು ಕೇಡು. ಅದನ್ನೇ ದಿಣ್ಣೆಯ ಮೇಲಿನ ಕೆಂಪು ಮರಳುಮಣ್ಣಿನ ಬೆದ್ದಲಿಗೆ ಹರಡಿರಿ. ಆ ಮಣ್ಣಿನಲ್ಲಿ ಮಳೆನೀರು ನಿಲ್ಲದೆ ಕೆಳಗಿಳಿಯುತ್ತದೆ. ಜೇಡಿ ಸೇರಿದರೆ ತೇವ ಉಳಿಯುತ್ತದೆ. ನಡುವೆ ಮಳೆ ಕೈಕೊಟ್ಟರೂ ರಾಗಿ ಕೆಲವು ದಿನ ಹೆಚ್ಚು ತಾಳುತ್ತದೆ.

ಎರೆಹೊಲದವರು ಇದಕ್ಕೆ ಆಸೆಪಡಬೇಕಾಗಿಲ್ಲ. ತಮ್ಮ ನೆಲದಲ್ಲಿ ಜೇಡಿ ಈಗಲೇ ಬೇಕಾದಷ್ಟಿದೆ. ಇನ್ನಷ್ಟು ಸುರಿದರೆ ನೀರು ಇಂಗುವುದು ಮತ್ತೂ ನಿಧಾನ. ಟ್ರಾಕ್ಟರ್ ಬಾಡಿಗೆಯೂ ದಂಡ. ಕೊಪ್ಪಳ, ಗದಗದ ಕಡೆ ಎರೆಭೂಮಿಯ ಕೆಲವು ರೈತರು ಹೊಲದ ಮೇಲೆ ಮರಳನ್ನೇ ಹಾಸಿಸಿದ್ದಾರೆ, ಬಿದ್ದ ಮಳೆ ಬೇಗ ಇಂಗಲಿ, ತೇವ ಆರದಿರಲಿ ಎಂದು. ನಮ್ಮ ದಿಣ್ಣೆಯವರು ಬಯ್ಯುವ ಮರಳಿಗೆ ಅಲ್ಲಿ ಎಷ್ಟು ಮಾನ, ನೋಡಿ!

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಹರಡಲು ಸುಮಾರು 40 ಘನಮೀಟರ್ ಗೋಡು ಬೇಕು. ಟ್ರೇಲರಿಗೆ 3 ಘನಮೀಟರ್ ಹಿಡಿದರೆ 13 ಹೇರಿಗೂ ಮೇಲೆ. ಎಲ್ಲರಿಗೂ ಎರಡೆರಡು ಹೇರು ಹಂಚಿದರೆ ಯಾರ ಹೊಲಕ್ಕೂ ಸಾಲದು. ಈ ವರ್ಷ ದಿಣ್ಣೆಯ ಹೊಲಗಳಿಗೇ ಹೋಗಲಿ. ಕೆರೆಯಲ್ಲಿ ನೀರು ಹೆಚ್ಚು ನಿಂತರೆ ಕೆಳಗಿನ ಗದ್ದೆಯವರಿಗೆ ಅವರ ಪಾಲು ಅಲ್ಲಿ ಸಿಕ್ಕಂತೆಯೇ.

ಹೂಳು ಮುಗಿದು ತಳದ ಗಟ್ಟಿ ಜೇಡಿ ಸಿಕ್ಕೊಡನೆ ಹಾರೆ ನಿಲ್ಲಿಸಿರಿ. ಆ ಪದರ ಅಲ್ಲಿದ್ದರೇ ಕೆರೆಯಲ್ಲಿ ನೀರು ನಿಲ್ಲುತ್ತದೆ. ಏರಿಯ ಬುಡವನ್ನಂತೂ ಮುಟ್ಟಲೇಬಾರದು. ಬಿಳಿ ಉಪ್ಪು ಮೇಲೆದ್ದಿರುವ ಕಡೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಒಯ್ಯಬೇಡಿ. ಗೋಡು ಹಾಕಿದೆವೆಂದು ಕೊಟ್ಟಿಗೆ ಗೊಬ್ಬರವನ್ನೂ ಬಿಡಬೇಡಿ.

ತಮ್ಮದು ಯಾವ ಮಣ್ಣೆಂಬ ಸಂಶಯವಿದ್ದರೆ ಒಂದು ಹಿಡಿ ನೆನೆಸಿ ಅಂಗೈಯಲ್ಲಿ ಹೊಸೆಯಿರಿ. ಶಾವಿಗೆಯಂತೆ ಎಳೆ ಬಂದರೆ ಜೇಡಿ ಸಾಕಷ್ಟಿದೆ. ಉದುರಿ ಬಿದ್ದರೆ ಗೋಡು ಬೇಕು. ಸೋಮವಾರ ಬೆಳಿಗ್ಗೆ ನಾನು ತೂಬಿನ ಬಳಿ ಇರುತ್ತೇನೆ. ಹೊಲದ ಮಣ್ಣು ತನ್ನಿ, ಅಲ್ಲೇ ಹೊಸೆದು ನೋಡಿ ಪಟ್ಟಿ ಬರೆಯೋಣ.