ಸೇನೆಗೆ ಅಪ್ಪಣೆ ಕೊಡುವವರು ಯಾರು?

ಪ್ರತಿ ವರ್ಷ ಜನವರಿ 26ರಂದು ದೆಹಲಿಯಲ್ಲಿ ನಡೆಯುವ ಗಣರಾಜ್ಯೋತ್ಸವದ ಮೆರವಣಿಗೆಯನ್ನು ನೀವು ನೋಡಿರುತ್ತೀರಿ, ಇಲ್ಲವೇ ಅದರ ವೀಕ್ಷಕ ವಿವರಣೆಯನ್ನು ಕೇಳಿರುತ್ತೀರಿ. ರಾಷ್ಟ್ರಪತಿಗಳು ಸೇನೆಯ ವಂದನೆ ಸ್ವೀಕರಿಸುತ್ತಾರೆ. ಮೂರೂ ಸೇನೆಗಳಿಗೆ ಅವರೇ ಮಹಾದಂಡನಾಯಕರು ಎಂದು ವಿವರಣೆಕಾರರು ಹೇಳುತ್ತಾರೆ. ಆಮೇಲೆ ಎಂದಾದರೂ ಗಡಿಯಲ್ಲಿ ಗುಂಡಿನ ಸದ್ದು ಕೇಳಿಬಂದಿತೆನ್ನಿ. ಹೊಸೂರಿನ ಚಹದಂಗಡಿಯಲ್ಲಾಗಲಿ ತಳಿಯ ಸಂತೆಯಲ್ಲಾಗಲಿ ವಾದ ಶುರುವಾಗುತ್ತದೆ. “ಮಹಾದಂಡನಾಯಕರು ಅವರೇ ಆದಮೇಲೆ ನೇರವಾಗಿ ಅಪ್ಪಣೆ ಕೊಡಬಾರದೇಕೆ?” ಎಂದು ಒಬ್ಬರು. “ಅಯ್ಯೋ, ಅವರದು ಬರೀ ರಬ್ಬರ್ ಮೊಹರು” ಎಂದು ಇನ್ನೊಬ್ಬರು. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಈ ಹೊತ್ತು ವಿಚಾರ ಮಾಡೋಣ. ಮಗನನ್ನೋ ಮಗಳನ್ನೋ ಸೇನೆಗೆ ಕಳಿಸಿಕೊಟ್ಟ ಮನೆಯವರಿಗೆ ಇದು ಕಾಲಹರಣದ ಮಾತಲ್ಲ. ತಮ್ಮ ಮಗುವನ್ನು ಯಾರ ಮಾತಿನ ಮೇಲೆ ಸಾವಿನ ಎದುರಿಗೆ ನಿಲ್ಲಿಸುತ್ತಾರೆ ಎಂದು ಕೇಳುವ ಹಕ್ಕು ಅವರಿಗಿದೆ.

ಮೊದಲು ನಮ್ಮ ಸಂವಿಧಾನ ಏನು ಹೇಳುತ್ತದೆ ನೋಡಿ. ಅದರ 53ನೆಯ ವಿಧಿಯ ಪ್ರಕಾರ ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯವರಲ್ಲಿದೆ. ಚಹದಂಗಡಿಯ ವಾದ ಇಲ್ಲಿಗೆ ನಿಂತುಬಿಡುತ್ತದೆ. ಆದರೆ ವಾಕ್ಯ ಮುಗಿಯುವುದಿಲ್ಲ. ಆ ಅಧಿಕಾರವನ್ನು ಚಲಾಯಿಸುವ ರೀತಿಯನ್ನು ಕಾನೂನು ಗೊತ್ತುಮಾಡಬೇಕು ಎಂದು ಅದೇ ವಾಕ್ಯ ಮುಂದುವರಿಯುತ್ತದೆ. ಮುಂದೆ 74ನೆಯ ವಿಧಿಗೆ ಬನ್ನಿ. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎಂದಿದೆ. 75ನೆಯ ವಿಧಿಗೆ ಬಂದರೆ, ಆ ಮಂತ್ರಿಮಂಡಲ ಲೋಕಸಭೆಗೆ ಹೊಣೆ ಎಂದಿದೆ. ಲೋಕಸಭೆಯನ್ನು ಆರಿಸುವವರು ನಾವು, ನೀವು.

ಇದನ್ನು ಒಂದು ಮದುವೆಮನೆಯ ಹೋಲಿಕೆಯಿಂದ ತಿಳಿಯಬಹುದು. ಕರೆಯೋಲೆ ಮನೆಯ ಹಿರಿಯಜ್ಜನ ಹೆಸರಿನಲ್ಲಿ ಹೋಗುತ್ತದೆ. ಛತ್ರ ಗೊತ್ತುಮಾಡುವವನು, ಅಡುಗೆಯವರಿಗೆ ಹಣ ಕೊಡುವವನು ಮಗ. ಊಟ ಸಾಲದೆ ಬಂದರೆ ಬೀಗರು ಕೇಳುವುದೂ ಮಗನನ್ನೇ. ಹಾಗೆಂದು ಅಜ್ಜನ ಹೆಸರು ಬೇಡವೆ? ಬೇಕು. ಆ ಹೆಸರಿದ್ದರೆ ಅದು ಇಡೀ ಮನೆತನದ ಮದುವೆ, ಇಲ್ಲದಿದ್ದರೆ ಒಬ್ಬ ಮಗನ ಖಾಸಗಿ ವ್ಯವಹಾರ. ಸೈನಿಕನು ಪ್ರಮಾಣವಚನ ತೆಗೆದುಕೊಳ್ಳುವಾಗ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ರಾಷ್ಟ್ರಪತಿಯ ಮತ್ತು ತನ್ನ ಮೇಲಧಿಕಾರಿಗಳ ಆಜ್ಞೆಯನ್ನು ಪ್ರಾಣಕ್ಕೆ ಅಪಾಯವಿದ್ದರೂ ಪಾಲಿಸುತ್ತೇನೆ ಎನ್ನುತ್ತಾನೆ. ಪ್ರಧಾನಮಂತ್ರಿಯ ಹೆಸರಾಗಲಿ, ಯಾವುದೇ ಪಕ್ಷದ ಹೆಸರಾಗಲಿ ಅಲ್ಲಿ ಬರುವುದಿಲ್ಲ. ಸರ್ಕಾರ ಬದಲಾದಾಗ ಸೈನಿಕನು ಮತ್ತೊಮ್ಮೆ ಪ್ರಮಾಣ ಮಾಡಬೇಕಾಗಿಲ್ಲ.

ಹೆಸರು ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ ಇರಬೇಕಾದುದೇಕೆ? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕೃಷ್ಣಗಿರಿಯ ಬೆಟ್ಟವೇ ಹೇಳುತ್ತದೆ. 1791ರಲ್ಲಿ ಟಿಪ್ಪು ಸುಲ್ತಾನರ ಮೇಲೆ ದಂಡೆತ್ತಿ ಬಂದ ಲಾರ್ಡ್ ಕಾರ್ನ್‌ವಾಲಿಸ್ ಕಂಪನಿ ಸರ್ಕಾರದ ಗವರ್ನರ್ ಜನರಲ್ ಆಗಿದ್ದರು, ಸೇನೆಯ ದಂಡನಾಯಕರೂ ಅವರೇ ಆಗಿದ್ದರು. ತಮ್ಮ ಸಭೆಯ ಸದಸ್ಯರು ಬೇಡವೆಂದರೂ ಆ ಮಾತನ್ನು ಬದಿಗೊತ್ತುವ ಅಧಿಕಾರವನ್ನು 1786ರ ಕಾನೂನು ಅವರಿಗೆ ಕೊಟ್ಟಿತ್ತು. ಆ ವರ್ಷದ ಜುಲೈ ತಿಂಗಳಲ್ಲಿ ಹೊಸೂರು ಅವರ ವಶವಾಯಿತು, ರಾಯಕೋಟೆಯೂ ಬಿತ್ತು. ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿ ಕೃಷ್ಣಗಿರಿಯ ಮೇಲೆ ಬಿದ್ದರು. ಕೆಳಕೋಟೆ ಸಿಕ್ಕಿತು, ಮೇಲಿನ ಕೋಟೆ ಸಿಕ್ಕಲಿಲ್ಲ. ಎದುರು ಪಕ್ಷದಲ್ಲಿಯೂ ಅರಸನೇ ದಂಡನಾಯಕ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಸೀಮೆ ಕಂಪನಿಗೆ ಹೋಯಿತು. ಅದನ್ನು ಆಳಲು ಬಂದವರು ಯಾರು? ಸೇನೆಯ ಅಧಿಕಾರಿ ಅಲೆಗ್ಸಾಂಡರ್ ರೀಡ್, ಅವರ ಕೈಕೆಳಗೆ ಥಾಮಸ್ ಮನ್ರೋ ಮೊದಲಾದ ಸೇನಾಧಿಕಾರಿಗಳು. ಖಡ್ಗ ಹಿಡಿದವರೇ ಕಂದಾಯವನ್ನೂ ಗೊತ್ತುಮಾಡಿದರು. ಅವರಲ್ಲಿ ಮನ್ರೋ ರೈತರ ಬಗೆಗೆ ಕಾಳಜಿಯುಳ್ಳವರೆಂದು ಹೆಸರಾದರು, ಅದು ಬೇರೆ ಮಾತು. ಅಧಿಕಾರಿ ಒಳ್ಳೆಯವನಾದರೆ ಊರಿನ ಪುಣ್ಯ, ಕೆಟ್ಟವನಾದರೆ ಊರಿನ ಕರ್ಮ. ‘ನಿನಗೆ ಅಪ್ಪಣೆ ಕೊಟ್ಟವರು ಯಾರು? ಅವರನ್ನು ಕೇಳುವವರು ಯಾರು?’ ಎಂಬ ಪ್ರಶ್ನೆಗೆ ಆ ಏರ್ಪಾಟಿನಲ್ಲಿ ಜಾಗವಿರಲಿಲ್ಲ.

ಕಾರ್ನ್‌ವಾಲಿಸರು ಕುಳಿತಿದ್ದ ಆ ಗವರ್ನರ್ ಜನರಲ್ ಪದವಿಯಲ್ಲಿ ಕೊನೆಯದಾಗಿ ಕುಳಿತವರು ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯವರು. 1878ರಲ್ಲಿ ಅಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1948ರ ಜೂನ್ 21ರಿಂದ 1950ರ ಜನವರಿ 26ರವರೆಗೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದರು. ಹೆಸರು ಅದೇ, ಆದರೆ ಪದವಿಯ ಒಳಗಿನ ತಿರುಳು ಬದಲಾಗಿಹೋಗಿತ್ತು. 1948ರ ಸೆಪ್ಟೆಂಬರ್ 13ರಂದು ನಮ್ಮ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡಿಗರಿಗೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ತಂದ ಕಾರ್ಯಾಚರಣೆ ಅದು. ಅಂದು ತೀರ್ಮಾನ ತೆಗೆದುಕೊಂಡದ್ದು ನೆಹರೂ ಮತ್ತು ಪಟೇಲರಿದ್ದ ಮಂತ್ರಿಮಂಡಲ. ರಾಜಾಜಿಯವರು ಕಾರ್ನ್‌ವಾಲಿಸರಂತೆ ಕುದುರೆಯೇರಿ ಸೇನೆಯ ಮುಂದೆ ಹೋಗಲಿಲ್ಲ. ಬುದ್ಧಿವಂತಿಕೆಯಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಆದರೂ ಪದವಿಯ ಎಲ್ಲೆ ಅವರಿಗೆ ತಿಳಿದಿತ್ತು.

ಅವರು ಆ ಪದವಿಯಲ್ಲಿದ್ದಾಗಲೇ, 1949ರ ಜನವರಿ 15ರಂದು, ಕೊಡಗಿನ ಕೆ. ಎಂ. ಕಾರಿಯಪ್ಪನವರು ಬ್ರಿಟಿಷ್ ದಂಡನಾಯಕ ರಾಯ್ ಬುಚರ್ ಅವರಿಂದ ಸೇನೆಯ ಅಧಿಕಾರ ವಹಿಸಿಕೊಂಡರು. ಆ ದಿನವನ್ನು ಈಗಲೂ ಸೇನಾ ದಿನವೆಂದು ಆಚರಿಸುತ್ತೇವೆ. ಆಗ ಅವರ ಹುದ್ದೆಯ ಹೆಸರು ಕಮಾಂಡರ್ ಇನ್ ಚೀಫ್. 1955ರಲ್ಲಿ ಸಂಸತ್ತು ಒಂದು ಚಿಕ್ಕ ಕಾನೂನು ಮಾಡಿ ಮೂರೂ ಸೇನೆಗಳಲ್ಲಿ ಆ ಹೆಸರನ್ನು ತೆಗೆದುಹಾಕಿತು. ಅಂದಿನಿಂದ ಅವರು ಸೇನಾ ಸಿಬ್ಬಂದಿಯ ಮುಖ್ಯಸ್ಥರು. ಹೆಸರಿನಲ್ಲೇನಿದೆ ಎನ್ನಬೇಡಿ. ಸಮವಸ್ತ್ರದಲ್ಲಿರುವ ಯಾರೂ ಪರಮಾಧಿಕಾರಿಯಲ್ಲ ಎಂಬ ಅರ್ಥ ಅದರಲ್ಲಿತ್ತು.

ಈ ಏರ್ಪಾಟಿಗೆ ಪೆಟ್ಟು ಬೀಳಲೇ ಇಲ್ಲವೆ? ಬಿದ್ದಿತು. ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರು 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಡನೆ ಬಿದ್ದ ಮನಸ್ತಾಪ ಅದಕ್ಕೆ ಕಾರಣ. ಪ್ರಧಾನಿ ನೆಹರೂ ಅವರ ಮನವೊಲಿಸಿದರು, ರಾಜೀನಾಮೆ ಹಿಂದಕ್ಕೆ ಹೋಯಿತು. ಬಳಿಕ ಲೋಕಸಭೆಯಲ್ಲಿ ನೆಹರೂ, ನಾಗರಿಕ ಅಧಿಕಾರವೇ ಮೇಲು ಎಂದು ಸ್ಪಷ್ಟಪಡಿಸಿದರು. ಮಂತ್ರಿಯ ಮೇಲೆ ಸಿಟ್ಟು ಬಂದಾಗ ನಮ್ಮ ದಂಡನಾಯಕ ಮಾಡಿದ್ದು ಇಷ್ಟೆ, ಕಾಗದ ಬರೆದು ಪದವಿ ಬಿಡಲು ಹೊರಟದ್ದು. ಅದಕ್ಕಿಂತ ಒಂದೇ ವರ್ಷ ಹಿಂದೆ ನೆರೆಯ ಪಾಕಿಸ್ತಾನದಲ್ಲಿ ಏನಾಗಿತ್ತು? 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನವನ್ನು ಬದಿಗಿರಿಸಿ, ಸೇನೆಯನ್ನು ನೆಚ್ಚಿಕೊಂಡು ಮಾರ್ಷಲ್ ಲಾ ಸಾರಿದರು. ಅದೇ ತಿಂಗಳ 27ರಂದು ದಂಡನಾಯಕ ಅಯೂಬ್ ಖಾನ್ ಅವರನ್ನೇ ಪದವಿಯಿಂದ ಇಳಿಸಿದರು. ಇಪ್ಪತ್ತೇ ದಿನ! ಮಂತ್ರಿಮಂಡಲವನ್ನು ದಾಟಿ ಸೇನೆಯೊಡನೆ ನೇರ ನಂಟು ಬೆಳೆಸಿದ ಅಧ್ಯಕ್ಷನಿಗೆ ಸಿಕ್ಕ ಫಲ ಅದು. ನಮ್ಮ ರಾಷ್ಟ್ರಪತಿಗಳು ನೇರವಾಗಿ ಅಪ್ಪಣೆ ಕೊಡಲಿ ಎನ್ನುವವರು ಇದನ್ನು ನೆನಪಿಡಬೇಕು.

“ಅಮೆರಿಕದಲ್ಲಿ ಅಧ್ಯಕ್ಷರೇ ಅಪ್ಪಣೆ ಕೊಡುವುದಿಲ್ಲವೆ?” ಎಂದು ನೀವು ಕೇಳಬಹುದು. ನಿಜ. 1951ರ ಏಪ್ರಿಲ್ 11ರಂದು ಅಧ್ಯಕ್ಷ ಟ್ರೂಮನ್, ಕೊರಿಯಾ ಯುದ್ಧದ ನಡುವೆಯೇ ಜನರಲ್ ಮೆಕಾರ್ಥರ್ ಅವರನ್ನು ಅಧಿಕಾರದಿಂದ ತೆಗೆದುಹಾಕಿದರು. ಆದರೆ ಅಲ್ಲಿನ ಅಧ್ಯಕ್ಷರು ದೇಶದಾದ್ಯಂತ ನಡೆಯುವ ಚುನಾವಣೆಗೆ ತಾವೇ ನಿಲ್ಲುತ್ತಾರೆ, ತೀರ್ಮಾನದ ಹೊಣೆಯನ್ನೂ ತಾವೇ ಹೊರುತ್ತಾರೆ. ನಮ್ಮ ರಾಷ್ಟ್ರಪತಿಗಳನ್ನು ಆರಿಸುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಸದಸ್ಯರು. ಅವರು ಲೋಕಸಭೆಯಲ್ಲಿ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡುವವರಲ್ಲ. ಉತ್ತರ ಕೊಡಬೇಕಾಗಿಲ್ಲದವರ ಕೈಗೆ ಖಡ್ಗ ಕೊಡಬಾರದು. ನಮ್ಮ ಏರ್ಪಾಟಿನ ಸಾರ ಇದೇ.

ಹಾಗಾದರೆ ‘ರಬ್ಬರ್ ಮೊಹರು’ ಎಂದವರ ಮಾತೇ ಗೆದ್ದಿತೆ? ಅದೂ ಇಲ್ಲ. 1975ರ ಜೂನ್ 25ರ ರಾತ್ರಿಯನ್ನು ನೆನೆಯಿರಿ. ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯ ಮೇಲೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲ ಸೇರಿದ್ದು ಮರುದಿನ ಬೆಳಗ್ಗೆ! ‘ನಿಮ್ಮ ಮಂತ್ರಿಮಂಡಲ ಇದನ್ನು ಒಪ್ಪಿದೆಯೆ?’ ಎಂಬ ಒಂದು ಪ್ರಶ್ನೆ ಆ ರಾತ್ರಿ ಬಲವಾಗಿ ಬಂದಿದ್ದರೆ ಸಹಿ ಕೆಲವು ಗಂಟೆಗಳಾದರೂ ನಿಲ್ಲುತ್ತಿತ್ತು. ಅಂದೇ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರು, ಕಾನೂನಿಗೆ ವಿರುದ್ಧವಾದ ಆಜ್ಞೆಗಳನ್ನು ಪಾಲಿಸಬೇಡಿ ಎಂದು ಸೇನೆ ಮತ್ತು ಪೊಲೀಸರಿಗೆ ಕರೆಕೊಟ್ಟಿದ್ದರು. ಸರ್ಕಾರ ಅದನ್ನು ದಂಗೆಯ ಪ್ರಚೋದನೆ ಎಂದಿತು. ಆದರೆ 1950ರ ಸೇನಾ ಕಾಯಿದೆಯನ್ನು ತೆರೆದು ನೋಡಿ. ಮೇಲಧಿಕಾರಿಯ ‘ಕಾನೂನುಬದ್ಧ’ ಆಜ್ಞೆಯನ್ನು ಮೀರುವುದು ಅಪರಾಧ ಎಂದು ಅದು ಹೇಳುತ್ತದೆ. ಆ ಒಂದು ವಿಶೇಷಣ ಬಲು ಬೆಲೆಯುಳ್ಳದ್ದು. ಯಾವ ಆಜ್ಞೆ ಕಾನೂನುಬದ್ಧ ಎಂದು ಅಳೆಯುವ ಭಾರವನ್ನು ಹಿಮಾಲಯದ ಮಂಜಿನಲ್ಲಿ ನಿಂತ ಜವಾನನೊಬ್ಬನ ಹೆಗಲಿಗೆ ಹಾಕುವುದು ನ್ಯಾಯವೆ? ಆ ಕೆಲಸ ಮೇಲಿನ ಮೆಟ್ಟಿಲುಗಳಲ್ಲಿಯೇ ಮುಗಿದಿರಬೇಕು. ಸಹಿಗೆ ಮುಂಚೆ ರಾಷ್ಟ್ರಪತಿಗಳು ಕೇಳುವ ಪ್ರಶ್ನೆಗೆ ಇರುವ ಬೆಲೆ ಅದೇ.

ಆ ಕಹಿ ಅನುಭವದ ಮೇಲೆ 1978ರ 44ನೆಯ ತಿದ್ದುಪಡಿ ಬಂದಿತು. ಮಂತ್ರಿಮಂಡಲದ ತೀರ್ಮಾನ ಬರವಣಿಗೆಯಲ್ಲಿ ಬಂದ ಹೊರತು ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು. ಯಾವುದೇ ಸಲಹೆಯನ್ನು ಮರುಪರಿಶೀಲನೆಗೆಂದು ರಾಷ್ಟ್ರಪತಿಗಳು ಒಮ್ಮೆ ಹಿಂದಕ್ಕೆ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಬೇಕು. ಈ ನಿಯಮ ಬರುವ ಮೊದಲೇ ಅದರ ರುಚಿ ಕಂಡವರು ಕನ್ನಡಿಗರಾದ ಬಿ. ಡಿ. ಜತ್ತಿಯವರು. 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿ, ಜಮಖಂಡಿ ಸೀಮೆಯ ಈ ವಕೀಲರು ಮೂರೂ ಸೇನೆಗಳ ಪರಮಾಧಿಕಾರಿಯೂ ಆಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಸಲಹೆ ಬಂದಾಗ ಅವರು ಸ್ವಲ್ಪ ತಡೆದರು. ಸರ್ಕಾರ ಪಟ್ಟುಹಿಡಿದ ಮೇಲೆ ಏಪ್ರಿಲ್ 30ರಂದು ಸಹಿ ಹಾಕಿದರು. ತಡೆದದ್ದು ಸರಿಯೆ ಎಂಬುದರ ಬಗೆಗೆ ಅಂದೂ ವಾದವಿತ್ತು, ಇಂದೂ ಇದೆ. ಆದರೆ ಮಿತಿ ಎಲ್ಲಿದೆ ಎಂಬುದು ಅಲ್ಲಿ ಕಾಣುತ್ತದೆ: ಕೇಳಬಹುದು, ತಡೆದು ಯೋಚಿಸಬಹುದು, ತಾನೇ ಆಳುವಂತಿಲ್ಲ.

ಈಗಿನ ಏರ್ಪಾಟಿನಲ್ಲಿಯೂ ಇದೇ ಎಳೆ ಇದೆ. 2003ರ ಜನವರಿ 4ರಂದು ಪ್ರಕಟವಾದ ವ್ಯವಸ್ಥೆಯ ಪ್ರಕಾರ ಅಣ್ವಸ್ತ್ರ ಬಳಸುವ ಅಪ್ಪಣೆ ಕೊಡಬಲ್ಲದ್ದು ಪ್ರಧಾನಮಂತ್ರಿಗಳು ಅಧ್ಯಕ್ಷರಾಗಿರುವ ರಾಜಕೀಯ ಮಂಡಲಿ ಮಾತ್ರ. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾದರು. ಆ ಹುದ್ದೆಯನ್ನು ನಿರ್ಮಿಸುವಾಗ, ಮೂರು ಸೇನಾ ಮುಖ್ಯಸ್ಥರ ಮೇಲೆ ಅವರಿಗೆ ದಂಡನಾಧಿಕಾರವಿಲ್ಲ ಎಂದು ಸರ್ಕಾರ ಹೇಳಿತು. ಒಂದೇ ಕೈಯಲ್ಲಿ ಎಲ್ಲವೂ ಸೇರಬಾರದು ಎಂಬ ಹಳೆಯ ಎಚ್ಚರ ಅದು.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಎಲ್ಲವೂ ಸಲಹೆಯಂತೆ ನಡೆಯುವುದಾದರೆ ಪ್ರಧಾನಮಂತ್ರಿಯ ಕೈಯೇ ಬಲವಾಯಿತಲ್ಲ, ಅದನ್ನು ಹಿಡಿಯುವವರು ಯಾರು? ಇದು ಸರಿಯಾದ ಪ್ರಶ್ನೆ. ಸೇನೆಯನ್ನು ಕಳಿಸುವ ಮೊದಲು ಸಂಸತ್ತಿನ ಮತ ಪಡೆಯಬೇಕು ಎಂದು ನಮ್ಮ ಸಂವಿಧಾನದಲ್ಲಿ ಇಲ್ಲ. ಆದರೆ ಸೇನೆಯ ಒಂದೊಂದು ರೂಪಾಯಿಯೂ ಲೋಕಸಭೆಯ ಒಪ್ಪಿಗೆಯಿಂದ ಹೋಗಬೇಕು, ಮಂತ್ರಿಗಳು ಅಲ್ಲಿ ಉತ್ತರ ಹೇಳಬೇಕು. ನಮ್ಮ ಕೃಷ್ಣಗಿರಿ ಕ್ಷೇತ್ರದ ಲೋಕಸಭಾ ಸದಸ್ಯರಿಗೂ ಅಲ್ಲಿ ಒಂದು ಮತವಿದೆ, ಒಂದು ದನಿಯಿದೆ. ಅವರು ಮತ ಕೇಳಲು ಬಂದಾಗ ನಾವು ರಸ್ತೆ, ಕುಡಿಯುವ ನೀರು ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ, ‘ನಮ್ಮ ಮಕ್ಕಳನ್ನು ಯುದ್ಧಕ್ಕೆ ಕಳಿಸುವ ತೀರ್ಮಾನದ ಬಗೆಗೆ ನೀವು ಸದನದಲ್ಲಿ ಏನು ಕೇಳಿದಿರಿ?’ ಎಂದೂ ಕೇಳಬಹುದಲ್ಲ?

ಕೇಳುಗರೆ, ಮುಂದೆ ಈ ವಾದ ಬಂದಾಗ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳಿ. ಆಜ್ಞೆ ಯಾರ ಹೆಸರಿನಲ್ಲಿ ಹೊರಡುತ್ತದೆ? ರಾಷ್ಟ್ರಪತಿಯ ಹೆಸರಿನಲ್ಲಿ. ತೀರ್ಮಾನ ಯಾರದು? ಮಂತ್ರಿಮಂಡಲದ್ದು. ಅವರು ಯಾರಿಗೆ ಉತ್ತರ ಕೊಡಬೇಕು? ನಾವು ಆರಿಸಿ ಕಳಿಸಿದವರಿಗೆ. ಮೊದಲ ಎರಡು ಕೆಲಸಗಳನ್ನು ದೆಹಲಿ ನೋಡಿಕೊಳ್ಳುತ್ತದೆ. ಮೂರನೆಯದು ಸರಿಯಾಗಿ ನಡೆಯಬೇಕಾದರೆ ನೀವೂ ಬಾಯಿ ಬಿಡಬೇಕು.